ರೆನಿಯಪ್ಪನ ಸದ್ದಿಲ್ಲದ ಜನರೇಟರ್

ರೆನಿಯಪ್ಪನ ಮಾನ ಹೋದದ್ದು ಫೋನಿನಲ್ಲಿ.

ಅವನ ನಿಜವಾದ ಹೆಸರು ಲಾಡಿಪೊ ಅಯಿನ್ಲಾ. ಆದರೆ ಇಬಾದಾನ್ ಊರಿನಲ್ಲಿ ಮೊದಲ ಮಗು ಹುಟ್ಟಿದ ದಿನವೇ ಅಪ್ಪನ ಹೆಸರು ತೀರಿಕೊಳ್ಳುತ್ತದೆ. ಮಗಳು ಮೊರೆನಿಕೆ ಹುಟ್ಟಿದಳು, ಅವಳು ರೆನಿಯಾದಳು, ಇವನು ರೆನಿಯಪ್ಪನಾದ, ಹೆಂಡತಿ ರೆನಿಯಮ್ಮನಾದಳು. ಇವನು ನೀರಿನ ಇಲಾಖೆಯಲ್ಲಿ ಗುಮಾಸ್ತ. ಆ ಇಲಾಖೆಯ ನಲ್ಲಿಗಳಲ್ಲಿ ನೀರು ಬರುತ್ತದೋ ಇಲ್ಲವೋ ಎಂದು ಅವನನ್ನು ಯಾರೂ ಕೇಳಬಾರದು. ಕೇಳಿದವರಿಗೆ ಅವನು, "ಮೊದಲು ಕರೆಂಟು ಬರ್ಲಿ, ಆಮೇಲೆ ಪಂಪು ತಿರುಗುತ್ತೆ" ಎಂದು ಉತ್ತರ ಕೊಡುತ್ತಿದ್ದ. ಹೀಗೆ ತಪ್ಪನ್ನು ಇನ್ನೊಂದು ಇಲಾಖೆಯ ತಲೆಗೆ ಕಟ್ಟಿ ನೆಮ್ಮದಿಯಾಗಿದ್ದ ಮನುಷ್ಯ.

ರೆನಿಗೆ ಅಬೆಯೊಕುಟಾ ಊರಿನ ಒಬ್ಬ ಹುಡುಗ ಮೆಚ್ಚುಗೆಯಾಗಿದ್ದ. ಹೆಸರು ಡೋಟುನ್. ಹುಡುಗ ಬಂಗಾರ. ಅವನ ತಂದೆ ಮಾತ್ರ ನಿವೃತ್ತ ಸ್ಟೇಷನ್ ಮಾಸ್ಟರ್ ಸೊಕೊಯಾ. ಜೀವಮಾನವೆಲ್ಲ ರೈಲು ಕಾದು ಕಾದು ಅವರಿಗೆ ಜಗತ್ತಿನ ಯಾವುದರ ಮೇಲೂ ನಂಬಿಕೆ ಉಳಿದಿರಲಿಲ್ಲ. ಹೆಣ್ಣು ಕೇಳಲು ಹಿರಿಯರನ್ನು ಕರೆದುಕೊಂಡು ಬರುವ ಶನಿವಾರವನ್ನು ಗೊತ್ತುಮಾಡಲು ಅವರು ಫೋನ್ ಮಾಡಿದಾಗ ರೆನಿಯಪ್ಪನ ಪೆಟ್ರೋಲ್ ಜನರೇಟರ್ ಹಿತ್ತಲಿನಲ್ಲಿ ಅರಚುತ್ತಿತ್ತು.

"ಬೀಗರೇ, ಏನದು ಸದ್ದು? ಗಿರಣಿ ಒಳಗೆ ನಿಂತಿದೀರಾ?" ಎಂದರು ಸೊಕೊಯಾ.

"ಇಲ್ಲ ಬೀಗರೇ, ನಮ್ಮನೇಲೇ ಇದೀನಿ!"

"ಹಾಗಾದ್ರೆ ಮನೇಲಿ ಗಿರಣಿ ಇಟ್ಟಿದೀರಾ? ನಮ್ಮ ಕಡೆ ನೋಡಿ, ಎಷ್ಟು ಪ್ರಶಾಂತ. ನಮ್ಮ ಡೋಟುನ್ ಮೌನದಲ್ಲಿ ಬೆಳೆದ ಹುಡುಗ."

ನಿಜಕ್ಕೂ ಆ ಕಡೆಯಿಂದ ಒಂದು ಸೊಳ್ಳೆಯ ಸದ್ದೂ ಬರುತ್ತಿರಲಿಲ್ಲ. ರೆನಿಯಪ್ಪನಿಗೆ ಮುಖ ಬಿಸಿಯಾಯಿತು. ಅಂಥ ಹೊತ್ತಿನಲ್ಲಿ ಬುದ್ಧಿವಂತರು ಸುಮ್ಮನಿರುತ್ತಾರೆ. ಇವನು ಬಾಯಿ ಬಿಟ್ಟ.

"ಅದು ಪಕ್ಕದ ಮನೆಯವರದು ಬೀಗರೇ. ನಮ್ಮನೇಲಿ ಜನರೇಟರ್ ಯಾಕೆ ಬೇಕು? ನಮಗೆ ಕರೆಂಟು ಹೋಗೋದೇ ಇಲ್ಲ."

ಫೋನ್ ಇಟ್ಟ ಮೇಲೆ ಹಿಂದೆ ನಿಂತಿದ್ದ ರೆನಿಯಮ್ಮ ಕೇಳಿದಳು, "ಕರೆಂಟು ಹೋಗೋದೇ ಇಲ್ವಾ?"

"ಬಂದರೆ ತಾನೇ ಹೋಗೋದು. ನಾನು ಸುಳ್ಳು ಹೇಳಲಿಲ್ಲ."

"ಶನಿವಾರ ಅವರು ಬಂದಾಗ ಇದನ್ನೇ ಹೇಳಿ. ಮಗಳು ಮನೇಲೇ ಉಳೀತಾಳೆ."

ಇಲ್ಲಿಂದ ಅವನಿಗೆ ಸದ್ದಡಗಿಸುವ ಹುಚ್ಚು ಹತ್ತಿತು. ಪೆಟ್ರೋಲ್ ದರ ಏರಿದಾಗಿನಿಂದ ಊರಿನಲ್ಲಿ ಒಬ್ಬೊಬ್ಬರೇ ಜನರೇಟರನ್ನು ಅಡುಗೆ ಗ್ಯಾಸಿಗೆ ತಿರುಗಿಸುತ್ತಿದ್ದರು. ಚರ್ಚಿನ ಗಾಯಕ ತಂಡದ ಮುಖ್ಯಸ್ಥ ತನ್ನದು ಗ್ಯಾಸಿನಲ್ಲಿ ಬೆಕ್ಕಿನ ಹಾಗೆ ಗುರುಗುಟ್ಟುತ್ತದೆ ಎಂದು ಪ್ರಾರ್ಥನೆಯ ನಡುವೆಯೇ ಹೇಳಿದ್ದ. ರೆನಿಯಪ್ಪ ಗ್ಯಾಸಿಗೆ ಒಗ್ಗುವ ಹೊಸ ಕಾರ್ಬ್ಯುರೇಟರ್, ರೆಗ್ಯುಲೇಟರ್, ಉದ್ದನೆಯ ರಬ್ಬರ್ ಪೈಪು ಎಲ್ಲ ತಂದ. ಮೆಕ್ಯಾನಿಕ್ಕನ್ನು ಕರೆಯಿರಿ ಎಂದಳು ಹೆಂಡತಿ. ಫೋನಿನಲ್ಲಿ ವಿಡಿಯೊ ನೋಡಿದ್ದೇನೆ, ಮೆಕ್ಯಾನಿಕ್ಕಿಗಿಂತ ಹೆಚ್ಚು ಸಲ ನೋಡಿದ್ದೇನೆ ಎಂದ ಗಂಡ.

ಹಳೆಯ ಕಾರ್ಬ್ಯುರೇಟರ್ ಬಿಚ್ಚಿದ. ಹೊಸದನ್ನು ತಲೆಕೆಳಗಾಗಿ ಕೂರಿಸಿದ. ಹಗ್ಗ ಎಳೆದ. ಏನೂ ಆಗಲಿಲ್ಲ. ತಿರುಗಿಸಿ ಕೂರಿಸಿದ. ಹಗ್ಗ ಎಳೆದ. ಜನರೇಟರ್ ಒಂದು ಸಲ ಕೆಮ್ಮಿತು, ಧಡ್ ಎಂದು ಬೆಂಕಿ ಕಾರಿತು, ಅವನ ಹುಬ್ಬುಗಳೆರಡೂ ಸುಟ್ಟು ಬೂದಿಯಾದವು.

ರೆನಿಯಮ್ಮ ಬಂದು ಹತ್ತಿರದಿಂದ ನೋಡಿದಳು. "ಹುಬ್ಬು ಹೋಯ್ತು, ಮೀಸೆ ಇದೆ. ಶನಿವಾರದ ತನಕ ಅದನ್ನಾದ್ರೂ ಉಳಿಸ್ಕೊಳ್ಳಿ."

ಅಂತೂ ಒಂದು ಸಂಜೆ ಅದು ಗ್ಯಾಸಿನಲ್ಲಿ ಓಡಿತು. ಇಷ್ಟಕ್ಕೆ ನಿಲ್ಲಿಸಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಗ್ಯಾಸಿನಲ್ಲಿಯೂ ಅದು ಸದ್ದು ಮಾಡುತ್ತಿತ್ತು. ಬೆಕ್ಕಿನ ಹಾಗಲ್ಲ, ಕಚ್ಚಾಡುವ ನಾಲ್ಕು ಬೆಕ್ಕುಗಳ ಹಾಗೆ. ರೆನಿಯಪ್ಪ ಒಂದು ಸೈಲೆನ್ಸರಿನ ತುದಿಗೆ ಇನ್ನೊಂದು ಸೈಲೆನ್ಸರ್ ಬೆಸುಗೆ ಹಾಕಿಸಿದ. ನೆಲ ನಡುಗದಿರಲೆಂದು ಅದರ ಕೆಳಗೆ ರಬ್ಬರ್ ಗಾಲಿ ಹಾಕಿಸಿದ. ಸುತ್ತ ಪ್ಲೈವುಡ್ ಪೆಟ್ಟಿಗೆ ಕಟ್ಟಿ, ಗಾಳಿಗೂ ಹಗ್ಗಕ್ಕೂ ಕಿಂಡಿ ಬಿಟ್ಟು, ಒಳಗೆಲ್ಲ ಹಾಸಿಗೆಯ ಸ್ಪಂಜು ಅಂಟಿಸಿದ. ಆ ಹಾಸಿಗೆ ಅವನ ಅತ್ತೆ ಬಂದಾಗ ಮಲಗುತ್ತಿದ್ದದ್ದು ಎಂಬುದನ್ನು ಹೆಂಡತಿ ಮಾರನೆಯ ದಿನ ಕಂಡುಹಿಡಿದಳು. ಕೊನೆಗೆ, ನೀರಿನ ಇಲಾಖೆಯವನಲ್ಲವೇ, ಹೊಗೆಯ ಪೈಪನ್ನು ನೀರು ತುಂಬಿದ ಡ್ರಮ್ಮಿನೊಳಗೆ ಇಳಿಬಿಟ್ಟ. ಈಗ ಹಗ್ಗ ಎಳೆದರೆ ಗುಳುಗುಳು ಎಂಬ ಒಂದು ಸಣ್ಣ ಸದ್ದು, ಅದೂ ಡ್ರಮ್ಮಿಗೆ ಕಿವಿ ಕೊಟ್ಟರೆ ಮಾತ್ರ. ರೆನಿಯಪ್ಪ ಹಿತ್ತಲಿನಲ್ಲಿ ನಿಂತು ಆ ಮೌನವನ್ನು ಕೇಳಿ ಕೇಳಿ ಆನಂದಪಟ್ಟ.

ಮನೆಯಲ್ಲಿ ಸಿಲಿಂಡರ್ ಮಾತ್ರ ಒಂದೇ. ಒಲೆ ಉರಿಯುವಾಗ ದೀಪವಿಲ್ಲ, ದೀಪ ಉರಿಯುವಾಗ ಒಲೆಯಿಲ್ಲ. ಅಡುಗೆಗೆ ಬೇಕಾದಾಗ ಯಾರನ್ನೂ ಕೇಳದೆ ಬಿಚ್ಚಿಕೊಂಡು ಹೋಗುವ ಹಕ್ಕು ತನ್ನದು ಎಂದು ರೆನಿಯಮ್ಮ ಮೊದಲೇ ಹೇಳಿಬಿಟ್ಟಳು. ಅತ್ತೆಯ ಹಾಸಿಗೆಯ ವಿಷಯದಲ್ಲಿ ಸಿಕ್ಕಿಬಿದ್ದಿದ್ದ ರೆನಿಯಪ್ಪ ಒಪ್ಪಿಕೊಂಡ.

ಮೊದಲ ಸಂಜೆ ಅವನು ಮನೆಯ ಎಲ್ಲ ದೀಪಗಳನ್ನೂ ಹಚ್ಚಿದ. ಬೀದಿ ಕತ್ತಲಲ್ಲಿತ್ತು. ಪೆಟ್ರೋಲ್ ಸುಡಲಾರದೆ ಜನ ಮನೆ ಮುಂದೆ ಬೀಸಣಿಗೆ ಹಿಡಿದು ಕೂತಿದ್ದರು. ರೆನಿಯಪ್ಪನ ಕಿಟಕಿಯಲ್ಲಿ ಬೆಳಕು ಕಂಡದ್ದೇ ತಡ, ಬೀದಿಯ ಮಕ್ಕಳೆಲ್ಲ "ಕರೆಂಟ್ ಬಂತೂ!" ಎಂದು ಕಿರುಚಿ ಕುಣಿದರು. ಜನ ಎದ್ದು ಒಳಗೆ ಓಡಿದರು. ಟಕ್ ಟಕ್ ಎಂದು ಸ್ವಿಚ್ಚುಗಳು ಬಿದ್ದವು. ಎಲ್ಲೂ ಏನೂ ಹತ್ತಲಿಲ್ಲ. ಜನ ಮತ್ತೆ ಹೊರಗೆ ಬಂದು ರೆನಿಯಪ್ಪನ ಮನೆಯನ್ನು ನೋಡುತ್ತ ನಿಂತರು. ಬೆಳಕಿದೆ, ಸದ್ದಿಲ್ಲ. ಸದ್ದಿಲ್ಲ ಎಂದರೆ ಜನರೇಟರ್ ಅಲ್ಲ. ಜನರೇಟರ್ ಅಲ್ಲ ಎಂದರೆ ಮತ್ತೇನು?

ಬೀದಿ ಸಂಘದ ಅಧ್ಯಕ್ಷ ಫಸಾಸಿ ಗೇಟಿಗೆ ಬಂದರು. ವಯಸ್ಸಾದವರು, ಊರುಗೋಲಿದೆ, ಅದನ್ನು ಊರುವುದಕ್ಕಿಂತ ತೋರಿಸುವುದಕ್ಕೆ ಹೆಚ್ಚು ಬಳಸುತ್ತಾರೆ. ಅವರ ಹಿಂದೆ ಎದುರು ಮನೆಯ ಕುನ್ಲೆಯಮ್ಮ. ಅವಳದು ಜಡೆ ಹೆಣೆಯುವ ಅಂಗಡಿ. ಅರ್ಧ ತಲೆ ಹೆಣೆದಿದ್ದ ಗಿರಾಕಿಯನ್ನೂ ಕೈಹಿಡಿದು ಕರೆತಂದಿದ್ದಳು.

"ರೆನಿಯಪ್ಪಾ, ಇದೇನಪ್ಪಾ ನಿನಗೊಬ್ಬನಿಗೇ?" ಎಂದರು ಫಸಾಸಿ.

"ಜನರೇಟರ್ ಅಜ್ಜಾ. ಗ್ಯಾಸಿಗೆ ತಿರುಗಿಸಿದೀನಿ."

"ಜನರೇಟರ್ ಅಂದ್ರೆ ಕೂಗಬೇಕು. ಕೂಗದೇ ಇರೋದು ಜನರೇಟರ್ ಹೇಗಾಗುತ್ತೆ?"

"ಪೆಟ್ಟಿಗೇಲಿ ಇಟ್ಟಿದೀನಿ, ಅದಕ್ಕೆ ಕೇಳಿಸಲ್ಲ."

ಕುನ್ಲೆಯಮ್ಮ ಸೊಂಟದ ಮೇಲೆ ಕೈಯಿಟ್ಟಳು. "ನನಗೆ ಹೇಳ್ತೀರಾ? ಗ್ಯಾಸಿನಲ್ಲಿ ಅಲಸಂದೆ ಬೇಯುತ್ತೆ, ಬಲ್ಬು ಉರಿಯಲ್ಲ. ಸರ್ಕಾರದಲ್ಲಿ ಇದೀರಿ, ದೊಡ್ಡವರ ಲೈನಿಂದ ಒಂದು ಎಳೆ ಎಳೆಸಿಕೊಂಡಿದೀರಿ. ಹೇಳಿದ್ರೆ ನಾವೇನು ಕಿತ್ಕೋತೀವಾ?"

"ಬನ್ನಿ, ಹಿತ್ತಲಿಗೆ ಬಂದು ನೋಡಿ!"

ಬಂದು ನೋಡಿದರು. ಒಂದು ಮರದ ಪೆಟ್ಟಿಗೆ, ಒಂದು ನೀರಿನ ಡ್ರಮ್ಮು. ಡ್ರಮ್ಮಿನಲ್ಲಿ ಗುಳ್ಳೆ ಏಳುತ್ತಿತ್ತು. ಫಸಾಸಿ ಊರುಗೋಲಿನಿಂದ ಪೆಟ್ಟಿಗೆಯನ್ನು ತಟ್ಟಿದರು.

"ತೆಗೆದು ತೋರಿಸು."

"ಸುತ್ತ ಸ್ಕ್ರೂ ಹೊಡೆದಿದೀನಿ ಅಜ್ಜಾ. ಓಡ್ತಿರೋವಾಗ ಬಿಚ್ಚೋಕೆ ಬರಲ್ಲ."

"ಗೊತ್ತಿತ್ತು," ಎಂದು ಅವರು ತಲೆಯಾಡಿಸಿದರು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಬೀದಿ ಅದು. ಬೆಳಗಾಗುವುದರೊಳಗೆ ರೆನಿಯಪ್ಪನಿಗೆ ಮಂತ್ರಿಗಳ ಲೈನು ಸಿಕ್ಕಿದೆ ಎಂಬುದು ಎಲ್ಲರಿಗೂ ಖಾತ್ರಿಯಾಗಿತ್ತು.

ಆ ಮೇಲೆ ಶುರುವಾಯಿತು ನೋಡಿ ಮರ್ಯಾದೆ. ಇಷ್ಟು ವರ್ಷ ಅವನ ಮುಖ ಕಂಡರೆ ನೀರು ಯಾವಾಗ ಬಿಡ್ತೀರಿ ಎಂದು ಹರಿಹಾಯುತ್ತಿದ್ದವರು ಈಗ ಮಂಡಿ ಬಗ್ಗಿಸಿ ನಮಸ್ಕಾರ ಮಾಡತೊಡಗಿದರು. ಒಬ್ಬರು ಬಾಳೆಗೊನೆ ತಂದರು. ರೆನಿಯಪ್ಪ ಬೇಡ ಎಂದ. ಓಹೋ ಬಾಳೆಗೊನೆ ಸಾಲದು ಎಂದುಕೊಂಡು ಅವರು ಕೋಳಿ ತಂದರು. ಕೋಳಿಯೂ ಬೇಡ ಎಂದು ಕೈ ಮುಗಿದ. ಬೀದಿಯವರು ಸೇರಿ ಯೋಚಿಸಿ ಒಂದು ಮೇಕೆಯನ್ನೇ ತಂದು ಗೇಟಿಗೆ ಕಟ್ಟಿದರು.

"ನನ್ನ ಹತ್ರ ಯಾವ ಲೈನೂ ಇಲ್ರಪ್ಪಾ!" ಎಂದು ರೆನಿಯಪ್ಪ ತಲೆ ಚಚ್ಚಿಕೊಂಡ. "ಗ್ಯಾಸು! ಗ್ಯಾಸು! ನಿಮಗೆ ಕೈಮುಗೀತೀನಿ, ಮೇಕೆ ಬಿಚ್ಕೊಂಡ್ ಹೋಗಿ!"

"ಮೇಕೆಗೂ ಬಗ್ಗಲ್ಲ ಅಂದ್ರೆ ಇವನಿಗೆ ಎಷ್ಟು ಸೊಕ್ಕಿರಬೇಕು," ಎಂದು ಕುನ್ಲೆಯಮ್ಮ ಮೇಕೆಗೇ ಹೇಳುವವಳಂತೆ ಬೀದಿಗೆಲ್ಲ ಕೇಳುವಂತೆ ಹೇಳಿದಳು.

ಪ್ರಾಮಾಣಿಕತೆ ಎಂಬುದು ಅಕ್ಕಪಕ್ಕದವರಿಗೆ ಎಷ್ಟು ಸಿಟ್ಟು ತರಿಸುತ್ತದೆ ಎಂಬುದು ರೆನಿಯಪ್ಪನಿಗೆ ಆಗ ತಿಳಿಯಿತು. ಗುರುವಾರ ಫಸಾಸಿ ತಾವೇ ಕರೆಂಟ್ ಕಂಪನಿಯ ಕಚೇರಿಗೆ ಹೋಗಿ ದೂರು ಕೊಟ್ಟರು. ಕಳ್ಳತನ ಮಾಡಿದ ಎಂಬುದಕ್ಕಲ್ಲ, ಒಬ್ಬನೇ ಮಾಡಿದ ಎಂಬುದಕ್ಕೆ.

ಕಂಪನಿಯವರು ವರ್ಷಗಟ್ಟಲೆ ಆ ಬೀದಿಯ ಕಡೆ ತಲೆ ಹಾಕಿದವರಲ್ಲ. ಟ್ರಾನ್ಸ್‌ಫಾರ್ಮರ್ ಸುಟ್ಟಾಗ ಬರಲಿಲ್ಲ, ಕಂಬ ಬಿದ್ದಾಗ ಬರಲಿಲ್ಲ. ಕರೆಂಟು ಇದೆ ಎಂಬ ದೂರು ಹೋದದ್ದೇ ತಡ, ಮಾರನೆಯ ದಿನ, ಶುಕ್ರವಾರ ಸಂಜೆಗೆ, ಏಣಿ ಸಮೇತ ಹಾಜರಾದರು. ಇನ್ಸ್‌ಪೆಕ್ಟರ್ ಎಕ್ಪೊ ಎಂಬವರು ಮುಂದೆ, ಹಾರೆ ಗುದ್ದಲಿ ಹಿಡಿದ ಕೂಲಿಯವರು ಹಿಂದೆ. ಮರುದಿನವೇ ಬೀಗರು ಬರುವವರು. ರೆನಿಯಪ್ಪ ಪಡಸಾಲೆಗೆ ಬಾಡಿಗೆ ಕುರ್ಚಿ ಜೋಡಿಸುತ್ತಿದ್ದ. ತಲೆಯ ಮೇಲೆ ಫ್ಯಾನು ಗಾಳಿ ಬೀಸುತ್ತಿತ್ತು.

ಎಕ್ಪೊ ಫ್ಯಾನನ್ನು ನೋಡಿದರು. ರೆನಿಯಪ್ಪನ ಹುಬ್ಬಿಲ್ಲದ ಮುಖವನ್ನು ನೋಡಿದರು. "ಕಂಬಕ್ಕೆ ಕೈ ಹಾಕುವಾಗ ಸುಟ್ಟಿತಾ?"

"ಗ್ಯಾಸ್ ಸ್ವಾಮಿ!"

"ಕಟ್ ಮಾಡ್ರೋ ಇವರ ಲೈನು."

ಏಣಿಯವನು ಕಂಬ ಹತ್ತಿ ತಂತಿ ಕತ್ತರಿಸಿದ. ಆ ತಂತಿಯಲ್ಲಿ ಕರೆಂಟು ಹರಿದು ಎಷ್ಟು ಕಾಲವಾಗಿತ್ತೋ, ಅದರ ಮೇಲೆ ಹಕ್ಕಿಯೊಂದು ಗೂಡು ಕಟ್ಟಿತ್ತು. ಎಲ್ಲರೂ ಒಳಗೆ ಬಂದು ಫ್ಯಾನನ್ನು ನೋಡಿದರು. ಫ್ಯಾನು ತಿರುಗುತ್ತಲೇ ಇತ್ತು.

"ನೋಡಿದ್ರಾ!" ಎಂದ ರೆನಿಯಪ್ಪ ಗೆದ್ದವನಂತೆ. "ತಂತಿ ಕತ್ತರಿಸಿದ್ರೂ ಓಡ್ತಿದೆ. ಈಗಲಾದ್ರೂ ನಂಬಿ!"

"ನಂಬಿದೆ," ಎಂದರು ಎಕ್ಪೊ ಗಂಭೀರವಾಗಿ. "ಮೇಲಿಂದ ಬರ್ತಿಲ್ಲ ಅಂದ್ರೆ ನೆಲದಡಿಯಿಂದ ಬರ್ತಿದೆ. ಇದು ಚಿಕ್ಕ ಕಳ್ಳನ ಕೆಲಸ ಅಲ್ಲ."

ಬೀದಿಯವರೆಲ್ಲ ಗೇಟಿನಲ್ಲಿ ಜಮಾಯಿಸಿ ಆಹಾ ಎಂದರು. ರೆನಿಯಪ್ಪ ಇನ್ಸ್‌ಪೆಕ್ಟರನ್ನು ಹಿತ್ತಲಿಗೆ ಎಳೆದುಕೊಂಡೇ ಹೋದ. ಸ್ಕ್ರೂ ಡ್ರೈವರ್ ತಂದು ಪೆಟ್ಟಿಗೆ ಬಿಚ್ಚಲು ಕೂತ. ಬೆವರುತ್ತ ಒಂದೊಂದೇ ಸ್ಕ್ರೂ ತಿರುಗಿಸುತ್ತಿದ್ದಂತೆ ಅತ್ತ ರೆನಿಯಮ್ಮ ಸಂತೆಯಿಂದ ಬಂದಳು. ನಾಳೆಯ ಅಡುಗೆಗೆ ಕೋಳಿ ಬೇಯಿಸಿ ಇಡಬೇಕು. ಅಡುಗೆಮನೆಯ ಬಾಗಿಲಿನಾಚೆ ಇದ್ದ ಸಿಲಿಂಡರಿನ ಕೀಲಿ ತಿರುವಿ, ಪೈಪು ಬಿಚ್ಚಿ ಬಿಸಾಕಿ, ಸಿಲಿಂಡರನ್ನು ಒಳಗೆ ಉರುಳಿಸಿಕೊಂಡು ಹೋದಳು. ಹಕ್ಕು ಅವಳದು.

ಕೊನೆಯ ಸ್ಕ್ರೂ ಬಿದ್ದು ಪೆಟ್ಟಿಗೆ ತೆರೆಯುವುದಕ್ಕೂ ಜನರೇಟರ್ ನಿಲ್ಲುವುದಕ್ಕೂ ಸರಿಹೋಯಿತು. ಒಳಗೆ ಫ್ಯಾನೂ ನಿಂತಿತು.

ಎಕ್ಪೊ ಬಗ್ಗಿ ಪೆಟ್ರೋಲ್ ಟ್ಯಾಂಕಿನ ಮುಚ್ಚಳ ತೆಗೆದು ಟಾರ್ಚು ಬಿಟ್ಟರು. ಒಳಗೆ ಒಣಗಿ ಭಣಗುಟ್ಟುತ್ತಿತ್ತು. ಒಂದು ಜೇಡ ಬಲೆ ನೇಯ್ದುಕೊಂಡು ಸುಖವಾಗಿತ್ತು.

"ಇದರಲ್ಲಿ ದೀಪ ಉರಿಸ್ತಿದ್ರಾ?"

"ಪೆಟ್ರೋಲ್ ಅಲ್ಲ ಸ್ವಾಮಿ, ಈ ಪೈಪಿನಲ್ಲಿ ಗ್ಯಾಸ್ ಬರುತ್ತೆ!"

ಎಲ್ಲರೂ ಪೈಪಿನ ಹಿಂದೆ ಮೆರವಣಿಗೆ ಹೊರಟರು. ಪೈಪು ಗೋಡೆಯ ಪಕ್ಕ ಹಾದು, ಮೂಲೆ ತಿರುಗಿ, ಅಡುಗೆಮನೆಯ ಬಾಗಿಲ ಬಳಿ ನೆಲದ ಮೇಲೆ ಬಾಯಿಬಿಟ್ಟುಕೊಂಡು ಬಿದ್ದಿತ್ತು. ಅದರ ತುದಿಯಲ್ಲಿ ಏನೂ ಇರಲಿಲ್ಲ. ಒಳಗಿನಿಂದ ಈರುಳ್ಳಿ ಒಗ್ಗರಣೆಯ ವಾಸನೆ ಬಂತು.

"ಸಿಲಿಂಡರ್ ಇಲ್ಲಿದೆ ರೀ, ನನ್ನ ಒಲೆಗೆ!" ಎಂದು ರೆನಿಯಮ್ಮ ಸೌಟು ಹಿಡಿದು ಬಾಗಿಲಿಗೆ ಬಂದಳು.

"ಅಮ್ಮಾ, ಅಡುಗೆಮನೇಲಿ ಸಿಲಿಂಡರ್ ಇರೋದು ಅಪರಾಧ ಅಲ್ಲ," ಎಂದರು ಎಕ್ಪೊ ವಿನಯದಿಂದ. "ನೀವು ಹೆದರಬೇಡಿ."

"ಈಗಲೇ ಜೋಡಿಸಿ ತೋರಿಸ್ತೀನಿ, ಐದು ನಿಮಿಷ!" ರೆನಿಯಪ್ಪ ಅಂಗಲಾಚಿದ.

"ಗುಪ್ತ ಸ್ವಿಚ್ಚು ಒತ್ತೋಕೆ ಐದು ನಿಮಿಷ ಕೊಡಬೇಕಾ? ಪೆಟ್ಟಿಗೆ ತೆರೆಯೋ ಹೊತ್ತಿಗೆ ಸರಿಯಾಗಿ ಆಫ್ ಮಾಡಿದ್ದು ನಾನು ನೋಡಲಿಲ್ಲ ಅಂದ್ಕೊಂಡ್ರಾ? ಅಗೀರೋ!"

ಕೂಲಿಯವರು ಗೇಟಿನಿಂದ ಹೊಸಿಲಿನ ತನಕ ಅಂಗಳವನ್ನು ಉದ್ದಕ್ಕೆ ಸೀಳಿ ಕಾಲುವೆ ತೋಡಿದರು. ತಂತಿ ಸಿಗಲಿಲ್ಲ. ಒಂದು ಹಳೆಯ ನೀರಿನ ಪೈಪು ಸಿಕ್ಕಿತು, ಅದು ರೆನಿಯಪ್ಪನ ಸ್ವಂತ ಇಲಾಖೆಯದು. ಅದನ್ನೂ ಒಡೆದರು. ಅದರಿಂದ ಗಾಳಿ ಮಾತ್ರ ಬಂತು. ಅಷ್ಟರಲ್ಲಿ ಡ್ಯೂಟಿಯ ಹೊತ್ತು ಮುಗಿಯಿತು.

"ಮಂಗಳವಾರ ಬಂದು ಒಳಗಿನ ನೆಲ ಅಗೀತೀವಿ," ಎಂದರು ಎಕ್ಪೊ ಟೋಪಿ ಸರಿಮಾಡಿಕೊಳ್ಳುತ್ತ. "ಅಲ್ಲಿ ತನಕ ಈ ಗುಂಡಿ ಮುಚ್ಚಬಾರದು. ಇದು ಸಾಕ್ಷಿ."

"ನಾಳೆ ನನ್ನ ಮಗಳನ್ನ ಕೇಳೋಕೆ ಬರ್ತಾರೆ ಸ್ವಾಮಿ!"

"ಶುಭವಾಗಲಿ," ಎಂದು ಎಕ್ಪೊ ಹೊರಟುಹೋದರು.

ಶನಿವಾರ ಮಧ್ಯಾಹ್ನ ಅಬೆಯೊಕುಟಾದಿಂದ ಎರಡು ವ್ಯಾನು ಬಂದವು. ರೆನಿಯಪ್ಪ ನೀಲಿ ಅಗ್ಬಾದಾ ನಿಲುವಂಗಿ ತೊಟ್ಟು, ಹೆಂಡತಿಯ ಕಾಡಿಗೆಯಿಂದ ಹುಬ್ಬು ಬರೆಸಿಕೊಂಡು ನಿಂತಿದ್ದ. ಸಾಕ್ಷಿಯನ್ನು ಮುಚ್ಚಬಾರದು ಎಂದಿದ್ದರೇ ಹೊರತು ಹೊದಿಸಬಾರದು ಎಂದಿರಲಿಲ್ಲ. ಪಡಸಾಲೆಯ ಕೆಂಪು ಜಮಖಾನವನ್ನು ಗುಂಡಿಯ ಮೇಲೆ ಬಿಗಿಯಾಗಿ ಹಾಸಿ ಅಂಚುಗಳಿಗೆ ಕಲ್ಲಿಟ್ಟಿದ್ದ. ನೋಡಿದವರು ಏನು ಅದ್ದೂರಿ ಸ್ವಾಗತ ಎನ್ನಬೇಕು. ಬೀದಿಯವರೂ ಬಂದಿದ್ದರು. ಮಗಳ ಕಾರ್ಯಕ್ಕೆ ಬೀದಿಯ ಹಿರಿಯರನ್ನು ಕರೆಯದೆ ಇರಲಾದೀತೆ? ಫಸಾಸಿ ಮೊದಲ ಸಾಲಿನಲ್ಲಿ, ಊರುಗೋಲಿನ ಮೇಲೆ ಗದ್ದ ಊರಿ ಕೂತಿದ್ದರು. ಒಳಗೆ ದೊಡ್ಡ ಪಾತ್ರೆಯಲ್ಲಿ ಜೊಲೊಫ್ ಅನ್ನ ಬೇಯುತ್ತಿತ್ತು. ಸಿಲಿಂಡರ್ ಒಲೆಗೆ ಹೋದದ್ದರಿಂದ ಪಡಸಾಲೆಯ ಫ್ಯಾನು ನಿಂತಿತ್ತು. ಕರೆಂಟು ಹೋಗುವುದೇ ಇಲ್ಲದ ಮನೆಯಲ್ಲಿ ಫ್ಯಾನು ಯಾಕೆ ನಿಂತಿದೆ ಎಂದು ಯಾರಾದರೂ ಕೇಳಿದರೆ ಸೆಖೆ ಎಲ್ಲಿದೆ ಎನ್ನುವುದೆಂದು ನಿರ್ಧಾರವಾಗಿತ್ತು. ಎಲ್ಲರ ಬೆನ್ನಿನಲ್ಲೂ ಬೆವರು ಹರಿಯುತ್ತಿತ್ತು.

ಸೊಕೊಯಾ ದಂಪತಿಗಳನ್ನು ಎದುರುಗೊಂಡು ಗುಂಡಿಯ ಪಕ್ಕದಿಂದ ಕರೆತಂದು ಕೂರಿಸಿದ್ದಾಯಿತು. ಕುಡಿಯಲು ನೀರು ಕೊಟ್ಟದ್ದಾಯಿತು. ಇನ್ನು ಹುಡುಗನ ಸರದಿ. ಹೆಣ್ಣು ಕೇಳಲು ಬಂದ ಹುಡುಗ ತನ್ನ ಗೆಳೆಯರೊಡನೆ ಹೆಣ್ಣಿನ ಹಿರಿಯರ ಮುಂದೆ ಉದ್ದಕ್ಕೆ ಮಲಗಿ, ಎದೆ ನೆಲಕ್ಕೆ ತಾಗುವಂತೆ ಸಾಷ್ಟಾಂಗ ಮಾಡಬೇಕು. ಎಷ್ಟು ಚಪ್ಪಟೆಯಾಗಿ ಮಲಗಿದರೆ ಅಷ್ಟು ಸಂಸ್ಕಾರವಂತ. ರೆನಿಯಪ್ಪ ಕುರ್ಚಿಗಳನ್ನು ಅಂಗಳದ ಗೋಡೆಗೆ ಒತ್ತಿಸಿ ಹಾಕಿದ್ದ, ಹುಡುಗರು ಗುಂಡಿಯ ಆಚೆಯೇ ಮಲಗಲಿ ಎಂದು. ಆದರೆ ಅಷ್ಟು ಕೆಂಪಗಿನ ಜಮಖಾನ ಹಾಸಿರುವಾಗ ಮಣ್ಣಿನಲ್ಲಿ ಯಾರು ಮಲಗುತ್ತಾರೆ? ಡೋಟುನ್ ಬಿಳಿ ಉಡುಪಿನಲ್ಲಿ ನಗುತ್ತ ಬಂದ, ಗೆಳೆಯರು ಎಡಬಲಕ್ಕೆ ನಿಂತರು.

"ಅಲ್ಲಲ್ಲ, ಅಲ್ಲಿ ಬೇಡ..." ಎಂದು ರೆನಿಯಪ್ಪ ಏಳುವಷ್ಟರಲ್ಲಿ ಹುಡುಗರು ದಡಾರನೆ ಸಾಷ್ಟಾಂಗ ಹಾಕಿದರು. ಗೆಳೆಯರು ಉಳಿದರು. ನಡುವೆ ಮಲಗಿದ ಮದುಮಗ ಜಮಖಾನದ ಸಮೇತ ಕಾಣೆಯಾದ.

ಬೀದಿಯವರೆಲ್ಲ ಕತ್ತು ಚಾಚಿ ಗುಂಡಿಯೊಳಗೆ ನೋಡಿದರು.

"ಇಷ್ಟು ಕೆಳಗೆ ಹೋಗಿ ನಮಸ್ಕಾರ ಮಾಡಿದ ಅಳಿಯನನ್ನ ನಾನು ಇದುವರೆಗೆ ನೋಡಿಲ್ಲ," ಎಂದಳು ಕುನ್ಲೆಯಮ್ಮ.

ಡೋಟುನ್‌ನನ್ನು ಎತ್ತಿ ಕೆಮ್ಮಣ್ಣು ಕೊಡವಿದರು. ಸೊಕೊಯಾ ಎದ್ದು ಬಂದು ಗುಂಡಿಯ ಈ ತುದಿಯಿಂದ ಆ ತುದಿಯ ತನಕ ನೋಡಿದರು. "ಬೀಗರೇ, ಇದೇನಿದು?"

"ಇದಾ? ಇದು... ಹೂವಿನ ಗಿಡ ನೆಡೋಣ ಅಂತ."

"ಯಾಕಪ್ಪಾ ಶುಭಕಾರ್ಯದಲ್ಲಿ ಸುಳ್ಳು?" ಎಂದರು ಫಸಾಸಿ. ದೂರು ಕೊಟ್ಟದ್ದು ತಾವೇ ಎಂಬುದನ್ನು ಅವರು ಹೇಳಲಿಲ್ಲ. "ಕರೆಂಟ್ ಕಂಪನಿಯವರು ಅಗೆದದ್ದು ಸ್ವಾಮಿ. ಕಳ್ಳ ಲೈನು ಹುಡುಕೋಕೆ. ನಮ್ಮ ಬೀದಿಗೆಲ್ಲ ಕತ್ತಲೆ, ಇವನಿಗೆ ಮಾತ್ರ ಸದ್ದಿಲ್ಲದೆ ಬೆಳಕು."

ಸೊಕೊಯಾ ಕೈಯಲ್ಲಿದ್ದ ನೀರಿನ ಲೋಟವನ್ನು ಕುಡಿಯದೆ ಕುರ್ಚಿಯ ಮೇಲಿಟ್ಟರು. ಹೆಣ್ಣು ಬೇಡ ಎನ್ನುವವನು ಆ ಮನೆಯ ನೀರು ಮುಟ್ಟುವುದಿಲ್ಲ.

"ನಮಗೆ ಕರೆಂಟು ಹೋಗೋದೇ ಇಲ್ಲ ಅಂದ್ರಿ. ಹೀಗೋ ಸಮಾಚಾರ?" ಎಂದರು ಸೊಕೊಯಾ. "ನಾವು ಸೊಸೇನ ಕರ್ಕೊಂಡು ಹೋಗೋಕೆ ಬಂದಿದ್ದು ಬೀಗರೇ, ಕೋರ್ಟಿನ ಕೇಸನ್ನಲ್ಲ. ನಡಿ ಡೋಟುನ್."

"ಅಪ್ಪಾ, ಒಂದು ನಿಮಿಷ ಕೇಳಿ..." ಎಂದ ಡೋಟುನ್.

"ಮಣ್ಣು ಒರೆಸ್ಕೋ, ವ್ಯಾನು ಹತ್ತು."

ರೆನಿಯಪ್ಪ ಬೀಗರ ಮುಂದೆ ಹೋಗಿ ಅಡ್ಡ ನಿಂತ. ಎಲ್ಲ ಹೇಳಿದ. ಫೋನಿನಲ್ಲಿ ನಾಚಿಕೆಯಾಗಿ ಬಾಯಿಗೆ ಬಂದದ್ದು ಹೇಳಿದೆ ಎಂದ, ಅರಚುತ್ತಿದ್ದದ್ದು ನಮ್ಮದೇ ಜನರೇಟರ್ ಎಂದ, ಅದನ್ನು ಗ್ಯಾಸಿಗೆ ತಿರುಗಿಸಿ ಬಾಯಿ ಮುಚ್ಚಿಸಿದೆ ಎಂದ. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ಬೀದಿಯವರೆಲ್ಲ ಗೊಳ್ಳೆಂದು ನಕ್ಕರು.

"ತೋರಿಸಿ," ಎಂದರು ಸೊಕೊಯಾ.

ರೆನಿಯಪ್ಪ ಅಗ್ಬಾದಾ ಎತ್ತಿಕೊಂಡು ಅಡುಗೆಮನೆಗೆ ನುಗ್ಗಿದ. ಬೇಯುತ್ತಿದ್ದ ಅನ್ನದ ಕೆಳಗಿನ ಒಲೆ ಆರಿಸಿ ಸಿಲಿಂಡರ್ ಕಿತ್ತ.

"ಅನ್ನ ಕಣ್ರೀ! ಇಷ್ಟು ಜನಕ್ಕೆ ಅಕ್ಕಿ ತಿನ್ನಿಸ್ತೀರಾ?" ರೆನಿಯಮ್ಮ ಸೌಟಿನಿಂದ ಅವನ ಬೆನ್ನಿಗೆ ಒಂದು ಬಿಟ್ಟಳು.

"ಹೊಡಿ, ಇನ್ನೆರಡು ಹೊಡಿ, ಆದ್ರೆ ಇದನ್ನ ಬಿಡು!"

ಬಂದವರೆಲ್ಲ ಹಿತ್ತಲಿನಲ್ಲಿ ನೆರೆದರು. ಅವನು ಪೈಪು ಜೋಡಿಸಿ ಹಗ್ಗ ಎಳೆದ. ಒಳಗೆ ಫ್ಯಾನು ತಿರುಗಿತು. ಜನ ಕಿಟಕಿಯಿಂದ ಫ್ಯಾನನ್ನು ನೋಡಿ, ಪೆಟ್ಟಿಗೆಯನ್ನು ನೋಡಿ, ಸೊಕೊಯಾ ಅವರ ಮುಖ ನೋಡಿದರು. ಅವರು ಕಣ್ಣು ಮುಚ್ಚಿ ಕಿವಿಗೊಟ್ಟು ನಿಂತಿದ್ದರು.

"ನಾನು ರೈಲ್ವೆಯವನು," ಎಂದರು ಕಣ್ಣು ಬಿಟ್ಟು. "ಬರೋ ಗಾಡಿ ಗೂಡ್ಸೋ ಪ್ಯಾಸೆಂಜರೋ ಅಂತ ಹಳಿಯ ಸದ್ದಲ್ಲೇ ಹೇಳ್ತಿದ್ದೆ. ಇಲ್ಲಿ ಯಾವ ಮಿಷನ್ನೂ ಓಡ್ತಿಲ್ಲ."

ಎಷ್ಟು ಕಷ್ಟಪಟ್ಟು ತಂದುಕೊಂಡ ಮೌನ! ಹುಬ್ಬು ಕಳೆದುಕೊಂಡು, ಅತ್ತೆಯ ಹಾಸಿಗೆ ಕೊಯ್ದು ಸಾಧಿಸಿದ ಮೌನ! ಅದೇ ಇವತ್ತು ಅವನ ಕುತ್ತಿಗೆ ಹಿಚುಕುತ್ತಿತ್ತು. ರೆನಿಯಪ್ಪನಿಗೆ ಅಳು ಬಂತು. ರೆನಿ ಹೊಸ ಕಸೂತಿಬಟ್ಟೆಯ ಉಡುಪಿನಲ್ಲಿ, ತಲೆಗೆ ಕಟ್ಟಿದ ಗೆಲೆ ವಸ್ತ್ರ ಓರೆಯಾಗಿರುವುದನ್ನೂ ಲೆಕ್ಕಿಸದೆ ಅಪ್ಪನ ಬಳಿ ಬಂದು ಸ್ಪ್ಯಾನರ್ ಕೈಗೆ ಕೊಟ್ಟಳು.

"ಅಪ್ಪಾ, ಕೂಗಿಸಿ ಅದನ್ನ."

ರೆನಿಯಪ್ಪ ಮೊದಲು ಹೊಗೆಯ ಪೈಪನ್ನು ಡ್ರಮ್ಮಿನಿಂದ ಎಳೆದು ಬಿಸಾಡಿದ. ಪಟಪಟ ಎಂಬ ಸದ್ದು ಹುಟ್ಟಿತು. ಸೊಕೊಯಾ ಅವರ ಹುಬ್ಬು ಮೇಲೇರಿತು. ಹಿಂದಿನ ರಾತ್ರಿ ಮತ್ತೆ ಹೊಡೆದಿದ್ದ ಸ್ಕ್ರೂ ಬಿಚ್ಚುವ ತಾಳ್ಮೆಯಿಲ್ಲದೆ ರೆನಿಯಪ್ಪ ಪೆಟ್ಟಿಗೆಯನ್ನು ಕಾಲಿನಿಂದ ಒದ್ದ. ಪ್ಲೈವುಡ್ ಮುರಿಯಿತು, ಅತ್ತೆಯ ಸ್ಪಂಜು ಚೂರುಚೂರಾಗಿ ಹಾರಿತು, ಸದ್ದು ದುಪ್ಪಟ್ಟಾಯಿತು. ಗೋಡೆಯಾಚೆ ಬೀದಿಯಲ್ಲಿ ಕಟ್ಟಿದ್ದ ಆ ಮೇಕೆ ಹಗ್ಗ ಹರಿದುಕೊಂಡು ಓಡಿತು. ಆಮೇಲೆ ಅವನು ಸ್ಪ್ಯಾನರಿನಿಂದ ಬೆಸುಗೆಯ ಸೈಲೆನ್ಸರನ್ನು ಬಡಿದು ಕೆಡವಿದ, ಅದರೊಂದಿಗೆ ಮೂಲದ್ದೂ ಕಿತ್ತುಬಂತು. ಅಮ್ಮಮ್ಮಾ! ಆ ಬೀದಿಯಲ್ಲಿ ಅಂಥ ಸದ್ದನ್ನು ಯಾವ ಜನರೇಟರೂ ಮಾಡಿರಲಿಲ್ಲ. ಲೋಟಗಳು ಕುಣಿದವು, ಕಿಟಕಿ ಗಾಜು ನಡುಗಿತು, ಫಸಾಸಿ ಊರುಗೋಲು ಬಿಟ್ಟು ಎರಡು ಕೈಯಿಂದಲೂ ಕಿವಿ ಮುಚ್ಚಿಕೊಂಡರು. ಆದರೆ ಅವರ ಮುಖದಲ್ಲಿ ನೆಮ್ಮದಿ ಇತ್ತು. ರೆನಿಯಪ್ಪನೂ ತಮ್ಮಂತೆಯೇ ಕರೆಂಟಿಲ್ಲದವನು ಎಂದು ತಿಳಿದು ಇಡೀ ಬೀದಿ ಚಪ್ಪಾಳೆ ತಟ್ಟಿತು. ಚಪ್ಪಾಳೆ ಮಾತ್ರ ಯಾರಿಗೂ ಕೇಳಿಸಲಿಲ್ಲ.

ಸೊಕೊಯಾ ಅವರ ಹೆಂಡತಿ ರೆನಿಯಮ್ಮನ ಕಿವಿಗೆ ಬಾಯಿಟ್ಟು ಕಿರುಚಿದಳು. "ನಮ್ಮನೇದೂ ಹೀಗೇ ಅರಚುತ್ತೆ! ಇವರು ಫೋನ್ ಮಾಡೋವಾಗ ಕಾರೊಳಗೆ ಕೂತು ಗಾಜು ಏರಿಸ್ಕೊಳ್ತಾರೆ, ಅಷ್ಟೇ!"

ಸೊಕೊಯಾ ಅದನ್ನು ಕೇಳದವರಂತೆ ಜನರೇಟರಿನ ಸುತ್ತ ಒಂದು ಪ್ರದಕ್ಷಿಣೆ ಬಂದರು. ಒಣಗಿದ ಟ್ಯಾಂಕು ನೋಡಿದರು, ಕಾರ್ಬ್ಯುರೇಟರ್ ಮುಟ್ಟಿದರು, ಪೈಪನ್ನು ಹಿಡಿದುಕೊಂಡು ಸಿಲಿಂಡರಿನ ತನಕ ಹೋಗಿ ಬಂದರು. ರೆನಿಯಪ್ಪನ ಮುಂದೆ ನಿಂತು ಗಂಭೀರವಾಗಿ ಏನೋ ಹೇಳಿದರು.

ತುಟಿ ಅಲುಗಿದ್ದು ಕಂಡಿತು. ಮಾತು ಕೇಳಿಸಲಿಲ್ಲ.

"ಏನಂದ್ರಿ?" ಎಂದು ಕೂಗಿದ ರೆನಿಯಪ್ಪ. ಸೊಕೊಯಾ ಮತ್ತೆ ಹೇಳಿದರು. ಕೈಯನ್ನು ಮನೆಯ ಕಡೆ ತೋರಿಸಿದರು, ತಲೆ ಅಲ್ಲಾಡಿಸಿದರು. ಹೌದೆಂದೋ ಅಲ್ಲವೆಂದೋ? ಮಗಳ ಬಾಳಿನ ಮಾತು ಎರಡು ಮಾರು ದೂರದಲ್ಲಿ ಆಡಲ್ಪಡುತ್ತಿದೆ, ಈ ದರಿದ್ರ ಮಿಷನ್ನು ಅದನ್ನು ನುಂಗುತ್ತಿದೆ. ರೆನಿಯಪ್ಪ ರೆನಿಯ ಕಡೆ ನೋಡಿದ. ಅವಳು ಸಿಲಿಂಡರಿನ ಕಡೆ ಕೈ ತೋರಿಸಿದಳು. ಅವನು ಕೀಲಿ ತಿರುವಿದ. ಜನರೇಟರ್ ಎರಡು ಸಲ ಬಿಕ್ಕಿ ನಿಂತಿತು.

"ಏನಂದ್ರಿ ಬೀಗರೇ?"

"ಈ ಸಿಲಿಂಡರ್ ಅಡುಗೆಮನೇದಾ ಅಂತ ಕೇಳಿದೆ."

"ಹೌದು. ಇರೋದು ಇದೊಂದೇ."

"ಹಾಗಾದ್ರೆ ಅನ್ನ?"

"ಅರ್ಧ ಬೆಂದಿದೆ," ಎಂದಳು ರೆನಿಯಮ್ಮ ಬಾಗಿಲಿನಿಂದ.

ಸೊಕೊಯಾ ತಲೆಯ ಮೇಲಿನ ಟೋಪಿ ತೆಗೆದು, ಮೊಣಕಾಲ ಮೇಲೆ ಇಟ್ಟುಕೊಂಡು, ಹಿತ್ತಲಿನ ಕಲ್ಲುಕಟ್ಟೆಯ ಮೇಲೆಯೇ ಕೂತುಬಿಟ್ಟರು. "ಮತ್ತೇನು ನನ್ನ ಮುಖ ನೋಡ್ತಾ ನಿಂತಿದೀರಿ? ತಗೊಂಡ್ ಹೋಗಿ ಒಲೆ ಹಚ್ಚಿ. ಉಂಡೇ ಹೋಗೋದು ನಾವು."

ರೆನಿಯಪ್ಪ ಸಿಲಿಂಡರನ್ನು ಮಗುವಿನಂತೆ ಎದೆಗವಚಿಕೊಂಡು ಎತ್ತಿದ. ಅವನ ಕಣ್ಣಿನಿಂದ ಇಳಿದ ನೀರಿಗೆ ಕಾಡಿಗೆಯ ಹುಬ್ಬು ಕೆನ್ನೆಗೆ ಹರಿಯುತ್ತಿತ್ತು. ಬೀಗರು ನೋಡಿದರು, ಬೀದಿಯವರು ನೋಡಿದರು, ಅವನಿಗೆ ಯಾರ ಪರಿವೆಯೂ ಇರಲಿಲ್ಲ.

"ಅಳೋದು ಆಮೇಲೆ," ಎಂದಳು ರೆನಿಯಮ್ಮ ಸಿಲಿಂಡರಿನ ಇನ್ನೊಂದು ಕಡೆ ಕೈಹಿಡಿದು. "ಹೊಸಿಲಿದೆ, ಕಾಲು ನೋಡಿ ಇಡಿ."